ಬೆಳೆಯುವ ಮಕ್ಕಳಲ್ಲಿ ಹಾರ್ಮೋನುಗಳ ಏರುಪೇರು: ಮನೆಯ ಹೊಣೆ, ಶಾಲೆಯ ಹೊಣೆ

(ಶತಮಾನೋತ್ಸವದ ಅಂಗವಾಗಿ ಏರ್ಪಡಿಸಿದ್ದ ಪಾಲಕರ ಹಾಗೂ ಮಾತೆಯರ ಸಮಾವೇಶದಲ್ಲಿ ಮುಖ್ಯಾಧ್ಯಾಪಕಿಯವರು ಮಾಡಿದ ಭಾಷಣದ ಬರಹರೂಪ)



ಶತಮಾನೋತ್ಸವವೆಂದರೆ ಹಿಂದಿನದನ್ನು ನೆನೆಯುವ ಸಂದರ್ಭ. ಅಕ್ಕಲಕೋಟೆ ಸಂಸ್ಥಾನದ ಕಾಲದಲ್ಲಿ ಕಣ್ತೆರೆದ ಈ ಕನ್ನಡ ಶಾಲೆ ಮುಂಬಯಿ ಪ್ರಾಂತವನ್ನು ಕಂಡಿತು, 1960ರಿಂದ ಮಹಾರಾಷ್ಟ್ರ ರಾಜ್ಯದ ಮಡಿಲಲ್ಲಿ ಬೆಳೆಯಿತು. ಆ ಕಥೆಯನ್ನು ಹಿರಿಯರು ಈ ವೇದಿಕೆಯಿಂದ ಸೊಗಸಾಗಿ ಹೇಳಿದ್ದಾರೆ. ತಾಯಂದಿರೇ ಹೆಚ್ಚಾಗಿ ನೆರೆದಿರುವ ಈ ಸಭೆಯಲ್ಲಿ ನಾವು ಬೇರೆಯೊಂದು ವಿಷಯವನ್ನು ಎತ್ತಿಕೊಳ್ಳಬಯಸುತ್ತೇವೆ. ಅದು ನಮ್ಮ ಮಕ್ಕಳ ಮೈಯೊಳಗೆ ನಡೆಯುವ, ಕಣ್ಣಿಗೆ ಕಾಣದ ಏರುಪೇರುಗಳ ವಿಷಯ.

ವೈದ್ಯರು ಹೇಳಬೇಕಾದ ಮಾತನ್ನು ಶಿಕ್ಷಕರೇಕೆ ಹೇಳಬೇಕು ಎಂದು ಕೆಲವರಿಗೆ ಅನ್ನಿಸಬಹುದು. ಔಷಧ ಕೊಡುವುದು ನಮ್ಮ ಕೆಲಸವಲ್ಲ. ಆದರೆ ಮಗುವನ್ನು ದಿನಕ್ಕೆ ಐದಾರು ಗಂಟೆ, ವರ್ಷಕ್ಕೆ ಇನ್ನೂರಕ್ಕೂ ಹೆಚ್ಚು ದಿನ ಕಣ್ಣಾರೆ ಕಾಣುವವರು ನಾವು. ಕಳೆದ ವರ್ಷ ಚುರುಕಾಗಿದ್ದ ಹುಡುಗಿ ಈ ವರ್ಷ ಮಧ್ಯಾಹ್ನದ ತಾಸಿನಲ್ಲಿ ತೂಕಡಿಸುವುದು, ಒಬ್ಬ ಹುಡುಗ ಮೇಲಿಂದ ಮೇಲೆ ನೀರಿನ ನಲ್ಲಿಯತ್ತ ಓಡುವುದು, ಸಾಲಿನಲ್ಲಿ ಎತ್ತರದವನಾಗಿದ್ದವನು ಎರಡು ವರ್ಷದಲ್ಲಿ ಎಲ್ಲರಿಗಿಂತ ಗಿಡ್ಡನಾಗಿ ಉಳಿಯುವುದು ಮೊದಲು ಕಾಣುವುದು ತರಗತಿಯಲ್ಲಿ. ಇಂಥ ಮಕ್ಕಳಿಗೆ ಸೋಮಾರಿ, ದಡ್ಡ, ಹಟಮಾರಿ ಎಂಬ ಹೆಸರು ಬೀಳುವುದೂ ಅಲ್ಲಿಯೇ. ಹೆಸರಿಡುವ ಮುನ್ನ ಕಾರಣವನ್ನು ಹುಡುಕಬೇಕೆಂಬುದೇ ಈ ಭಾಷಣದ ಆಶಯ.

ನಮ್ಮ ದೇಹದಲ್ಲಿ ನಿರ್ನಾಳ ಗ್ರಂಥಿಗಳೆಂಬ ಸಣ್ಣ ಅಂಗಗಳಿವೆ. ಅವು ತಯಾರಿಸುವ ರಸಗಳನ್ನು ನಾಳದ ಮೂಲಕ ಸಾಗಿಸದೆ ನೇರವಾಗಿ ರಕ್ತಕ್ಕೆ ಬಿಡುತ್ತವೆ. ಆ ರಸಗಳೇ ಹಾರ್ಮೋನುಗಳು. ಮೆದುಳಿನ ಬುಡದಲ್ಲಿ ಪಿಟ್ಯುಟರಿ, ಕೊರಳ ಮುಂಭಾಗದಲ್ಲಿ ಥೈರಾಯಿಡ್, ಹೊಟ್ಟೆಯ ಹಿಂಬದಿಯಲ್ಲಿ ಮೇದೋಜೀರಕ, ಮೂತ್ರಪಿಂಡಗಳ ತಲೆಯ ಮೇಲೆ ಅಡ್ರಿನಲ್, ಹೆಣ್ಣುಮಕ್ಕಳಲ್ಲಿ ಅಂಡಾಶಯ, ಗಂಡುಮಕ್ಕಳಲ್ಲಿ ವೃಷಣ, ಇವು ಮುಖ್ಯವಾದವು. ಉಂಡ ಅನ್ನ ಶಕ್ತಿಯಾಗುವುದು, ಎಲುಬು ಬೆಳೆಯುವುದು, ಮೈ ನೆರೆಯುವುದು, ನಿದ್ದೆ ಹಸಿವುಗಳು ಕಾಲಕ್ಕೆ ಸರಿಯಾಗಿ ಬರುವುದು ಇವುಗಳ ಹತೋಟಿಯಲ್ಲಿದೆ. ಅನ್ನವು ಶಕ್ತಿಯಾಗುವ ಆ ಒಟ್ಟು ಕಾರ್ಯಕ್ಕೆ ಚಯಾಪಚಯವೆಂದು ನಮ್ಮ ವಿಜ್ಞಾನ ಪುಸ್ತಕಗಳು ಹೆಸರಿಟ್ಟಿವೆ. ಹಾರ್ಮೋನಿನ ಪ್ರಮಾಣ ತುಸು ಹೆಚ್ಚಿದರೂ ತುಸು ಕುಗ್ಗಿದರೂ ಮೈಯ ಲೆಕ್ಕ ತಪ್ಪುತ್ತದೆ. ಶಾಲಾ ವಯಸ್ಸಿನಲ್ಲಿ ನಾವು ಗಮನಿಸಬೇಕಾದ ಮೂರು ಏರುಪೇರುಗಳನ್ನು ಒಂದೊಂದಾಗಿ ನೋಡೋಣ.

ಮೊದಲನೆಯದು ಮಕ್ಕಳ ಮಧುಮೇಹ. ಸಕ್ಕರೆ ಕಾಯಿಲೆ ಮುದುಕರಿಗೆ ಬರುವಂಥದು ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಆದರೆ ಒಂದನೆಯ ಬಗೆಯ ಮಧುಮೇಹ ಹೆಚ್ಚಾಗಿ ಕಾಣಿಸಿಕೊಳ್ಳುವುದು ಮಕ್ಕಳಲ್ಲಿ, ಹದಿಹರೆಯದವರಲ್ಲಿ. ದೇಹದ ರಕ್ಷಣಾ ವ್ಯವಸ್ಥೆಯೇ ದಾರಿ ತಪ್ಪಿ, ಮೇದೋಜೀರಕದಲ್ಲಿ ಇನ್ಸುಲಿನ್ ತಯಾರಿಸುವ ಕಣಗಳನ್ನು ನಾಶಮಾಡಿಬಿಡುತ್ತದೆ. ಮಗು ಹೆಚ್ಚು ಸಿಹಿ ತಿಂದದ್ದಾಗಲಿ ತಾಯಿಯ ಆರೈಕೆಯ ಕೊರತೆಯಾಗಲಿ ಇದಕ್ಕೆ ಕಾರಣವಲ್ಲ. ಈ ಮಾತನ್ನು ತಾಯಂದಿರು ಚೆನ್ನಾಗಿ ಮನದಟ್ಟು ಮಾಡಿಕೊಳ್ಳಬೇಕು; ಏಕೆಂದರೆ ಮನೆಯಲ್ಲಿ ಮೊದಲ ಆರೋಪ ಬರುವುದು ಅವರ ಮೇಲೆಯೇ.

ನಮ್ಮ ಶಾಲೆಯ ವಯಸ್ಸೂ ಇನ್ಸುಲಿನ್ ಔಷಧದ ವಯಸ್ಸೂ ಹೆಚ್ಚುಕಡಿಮೆ ಒಂದೇ. 1921ರಲ್ಲಿ ಕೆನಡಾದ ಟೊರಾಂಟೊ ವಿಶ್ವವಿದ್ಯಾಲಯದಲ್ಲಿ ಫ್ರೆಡರಿಕ್ ಬ್ಯಾಂಟಿಂಗ್ ಮತ್ತು ಚಾರ್ಲ್ಸ್ ಬೆಸ್ಟ್, ಪ್ರಾಧ್ಯಾಪಕ ಮ್ಯಾಕ್ಲಿಯಾಡ್ ಅವರ ಪ್ರಯೋಗಾಲಯದಲ್ಲಿ ಅದನ್ನು ಬೇರ್ಪಡಿಸಿದರು; ಜೇಮ್ಸ್ ಕಾಲಿಪ್ ಅದನ್ನು ಶುದ್ಧಗೊಳಿಸಿದರು. 1922ರ ಜನವರಿ 11ರಂದು ಲೆನಾರ್ಡ್ ಥಾಮ್ಸನ್ ಎಂಬ 14 ವರ್ಷದ ಬಾಲಕನಿಗೆ ಮೊದಲ ಚುಚ್ಚುಮದ್ದು ಕೊಡಲಾಯಿತು. ಅದು ಫಲಿಸಲಿಲ್ಲ. ಶುದ್ಧಗೊಳಿಸಿದ ಔಷಧವನ್ನು ಜನವರಿ 23ರಂದು ಮತ್ತೆ ಕೊಟ್ಟಾಗ ರಕ್ತದ ಸಕ್ಕರೆ ಇಳಿಯಿತು. ಸಾವಿನಂಚಿನಲ್ಲಿದ್ದ ಆ ಬಾಲಕ ಮುಂದೆ 13 ವರ್ಷ ಬದುಕಿದನು. ಅದಕ್ಕೆ ಮೊದಲು ಈ ಕಾಯಿಲೆ ಬಂದ ಮಗು ಹೆಚ್ಚು ಕಾಲ ಉಳಿಯುತ್ತಿರಲಿಲ್ಲ. ನಮ್ಮ ಶಾಲೆಯ ಆರಂಭದ ವರ್ಷಗಳ ದಾಖಲಾತಿ ಪುಸ್ತಕಗಳಲ್ಲಿ ಕೆಲವು ಹೆಸರುಗಳ ಮುಂದೆ ಮೃತ ಎಂಬ ಒಂದೇ ಪದವಿದೆ. ಕಾರಣ ಬರೆದಿಲ್ಲ, ಹಲವು ಮನೆಗಳಲ್ಲಿ ಅದು ಯಾರಿಗೂ ತಿಳಿದಿರಲಿಕ್ಕಿಲ್ಲ. ಇಂದು ನಮಗೆ ಕಾರಣವೂ ಗೊತ್ತು, ಔಷಧವೂ ಇದೆ. ಆದ್ದರಿಂದ ನಮ್ಮ ಹೊಣೆಯೂ ದೊಡ್ಡದು.

ಈ ಕಾಯಿಲೆಯ ಗುರುತುಗಳು ನಾಲ್ಕು: ತೀರದ ನೀರಡಿಕೆ, ಮೇಲಿಂದ ಮೇಲೆ ಮೂತ್ರ, ಚೆನ್ನಾಗಿ ಉಂಡರೂ ಇಳಿಯುವ ತೂಕ, ಕಾರಣವಿಲ್ಲದ ದಣಿವು. ಹಾಸಿಗೆ ಒದ್ದೆ ಮಾಡುವುದನ್ನು ಬಿಟ್ಟಿದ್ದ ಮಗು ಮತ್ತೆ ಆರಂಭಿಸಿದರೆ ಬೈಯಬಾರದು, ರಕ್ತದ ಸಕ್ಕರೆ ಪರೀಕ್ಷಿಸಬೇಕು. ಬೆರಳ ತುದಿಯ ಒಂದು ಹನಿ ರಕ್ತ ಸಾಕು. ಈ ಗುರುತುಗಳಿದ್ದು, ಯಾವ ಹೊತ್ತಿನಲ್ಲಿಯಾದರೂ ಸಕ್ಕರೆ 200 ಮಿಲಿಗ್ರಾಂ ಮುಟ್ಟಿದರೆ ಅಥವಾ ದಾಟಿದರೆ ಅದೇ ದಿನ ದೊಡ್ಡ ದವಾಖಾನೆಗೆ ಒಯ್ಯಬೇಕು. ಹೊಟ್ಟೆನೋವು, ವಾಂತಿ, ಏದುಸಿರು, ಬಾಯಿಂದ ಹಣ್ಣಿನಂಥ ವಾಸನೆ, ಮಂಪರು ಇವು ಸೇರಿದರೆ ಪ್ರಾಣಾಪಾಯ ಹತ್ತಿರವಿದೆ ಎಂದರ್ಥ. ಆಗ ದೃಷ್ಟಿ ತೆಗೆಯುತ್ತಲೋ ತಾಯಿತ ಕಟ್ಟಿಸುತ್ತಲೋ ಕಳೆಯುವ ಒಂದೊಂದು ಗಂಟೆಯೂ ಮಗುವಿನ ಆಯುಷ್ಯದಿಂದ ಕಳೆಯುವಂಥದು. ದೇವರಿಗೆ ಹರಕೆ ಹೊರುವುದಕ್ಕೆ ನಮ್ಮ ಅಡ್ಡಿಯಿಲ್ಲ. ದವಾಖಾನೆಯ ದಾರಿಯಲ್ಲಿಯೇ ಹೊರಬಹುದು.

ಈ ಮಕ್ಕಳಿಗೆ ಇನ್ಸುಲಿನ್ ಬದುಕಿರುವವರೆಗೂ ಬೇಕು. ಗುಳಿಗೆಯಾಗಲಿ ಕಷಾಯವಾಗಲಿ ಅದರ ಸ್ಥಾನ ತುಂಬಲಾರದು. ನಲವತ್ತು ದಿನದ ಪುಡಿಯಿಂದ ಸೂಜಿ ಬಿಡಿಸುತ್ತೇವೆಂದು ಹೇಳುವವರ ಮಾತು ಕೇಳಿ ಇನ್ಸುಲಿನ್ ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ಮಗುವಿನ ಜೀವಕ್ಕೆ ಸಂಚಕಾರ ಬರುತ್ತದೆ. ನಮ್ಮ ಕಡೆಯ ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುವುದರಿಂದ ಔಷಧವನ್ನು ಕಾಪಾಡಿಕೊಳ್ಳುವುದೂ ಒಂದು ಪ್ರಶ್ನೆಯೇ. ಫ್ರಿಜ್ ಇಲ್ಲದ ಮನೆಯಲ್ಲಿ ದೊಡ್ಡ ಮಡಕೆಯೊಳಗೆ ಸಣ್ಣ ಮಡಕೆಯನ್ನಿಟ್ಟು, ನಡುವೆ ಮರಳು ತುಂಬಿ, ಮರಳನ್ನು ಸದಾ ಒದ್ದೆಯಾಗಿಟ್ಟು, ಒಳಮಡಕೆಯಲ್ಲಿ ಬಾಟಲಿಯನ್ನು ನೀರು ತಾಗದಂತೆ ಇಡಬಹುದು. ಫ್ರಿಜ್ ಇದ್ದರೂ ಬರ್ಫದ ಖಾನೆಯಲ್ಲಿ ಇಡಬಾರದು. ಹೆಪ್ಪುಗಟ್ಟಿದ ಇನ್ಸುಲಿನ್ ಕೆಲಸಕ್ಕೆ ಬಾರದು.

ಶಾಲೆಯಲ್ಲಿ ಎದುರಾಗುವ ಅಪಾಯ ಮತ್ತೊಂದು ಬಗೆಯದು: ಸಕ್ಕರೆ ಕುಸಿಯುವುದು. ಸೂಜಿ ತೆಗೆದುಕೊಂಡು ಊಟ ತಡವಾದರೆ, ಅಥವಾ ಖೊಖೊ ಕಬಡ್ಡಿಯಲ್ಲಿ ಹೆಚ್ಚು ಓಡಿದರೆ ಮಗು ಬೆವರುತ್ತದೆ, ನಡುಗುತ್ತದೆ, ತಬ್ಬಿಬ್ಬಾಗುತ್ತದೆ, ಕಾರಣವಿಲ್ಲದೆ ಸಿಟ್ಟು ಮಾಡುತ್ತದೆ. ಸಕ್ಕರೆ 70ಕ್ಕಿಂತ ಕೆಳಗಿಳಿದಿದ್ದರೆ, ಅಥವಾ ಯಂತ್ರ ಕೈಗೆ ಸಿಗದಿದ್ದರೂ, ಮೂರು ಚಹಾ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಬೇಕು. 15 ನಿಮಿಷ ಕಾದು ಮತ್ತೆ ನೋಡಬೇಕು. ಸುಧಾರಿಸದಿದ್ದರೆ ಮತ್ತೊಮ್ಮೆ ಕೊಡಬೇಕು. ಸುಧಾರಿಸಿದ ಮೇಲೆ ತಿನ್ನಲು ಕೊಡಬೇಕು. ಎಚ್ಚರ ತಪ್ಪಿದ ಮಗುವಿನ ಬಾಯಿಗೆ ಏನನ್ನೂ ಹಾಕದೆ, ಒಂದು ಮಗ್ಗುಲಿಗೆ ಮಲಗಿಸಿ ಕೂಡಲೇ ದವಾಖಾನೆಗೆ ಸಾಗಿಸಬೇಕು. ಆ ಮಗುವನ್ನು ಒಂಟಿಯಾಗಿ ಮನೆಗೆ ಕಳಿಸಕೂಡದು.

ನಮ್ಮ ಶಾಲೆಯಲ್ಲಿ ಇನ್ಸುಲಿನ್ ತೆಗೆದುಕೊಳ್ಳುತ್ತಲೇ ಕಲಿತು ಹತ್ತನೆಯ ತರಗತಿ ಮುಗಿಸಿದ ಮಕ್ಕಳಿದ್ದಾರೆ. ಅವರಲ್ಲಿ ಒಬ್ಬ ಹುಡುಗಿಯ ಮನೆಯವರು, ವಿಷಯ ಹೊರಬಿದ್ದರೆ ಮುಂದೆ ಲಗ್ನವಾಗದೆಂದು ಅಂಜಿ, ಆಕೆಯನ್ನು ಶಾಲೆಯಿಂದಲೇ ಬಿಡಿಸಬೇಕೆಂದಿದ್ದರು. ಗುರುಮಾತೆಯರು ಮನೆಗೆ ಹೋಗಿ ಮಾತನಾಡಿದರು. ಶಿಕ್ಷಕರ ಕೋಣೆಯಲ್ಲಿ ಪರದೆ ಕಟ್ಟಿ ಸೂಜಿಗೆ ಜಾಗ ಮಾಡಿಕೊಟ್ಟೆವು. ಗೆಳತಿಯರಿಬ್ಬರು ಸಕ್ಕರೆಯ ಪುಡಕೆಯನ್ನು ತಮ್ಮ ದಫ್ತರದಲ್ಲಿಯೂ ಇಟ್ಟುಕೊಂಡರು. ಆಕೆ ಇಂದು ಮಹಾವಿದ್ಯಾಲಯದಲ್ಲಿದ್ದಾಳೆ. ಇಂಥ ಮಕ್ಕಳಿಗೆ ಶಾಲೆ ಕೊಡಬೇಕಾದದ್ದು ಇಷ್ಟೇ: ಸೂಜಿಗೆ ಮರೆ, ಹಸಿದಾಗ ತಿನ್ನಲು ಅನುಮತಿ, ಮೂತ್ರಕ್ಕೆ ಹೋಗಲು ಅನುಮತಿ, ಮತ್ತು ಆಟದಿಂದ ಹೊರಗಿಡದಿರುವುದು. ಕೇಂದ್ರೀಯ ಪ್ರೌಢ ಶಿಕ್ಷಣ ಮಂಡಳಿ 2017ರಿಂದ ಇಂಥ ವಿದ್ಯಾರ್ಥಿಗಳು ಪರೀಕ್ಷಾ ಕೋಣೆಗೆ ತಿನಿಸು ಒಯ್ಯಲು ಅವಕಾಶ ಕೊಟ್ಟಿದೆ. ಯಾವ ಮಂಡಳಿಯ ಪರೀಕ್ಷೆಯೇ ಇರಲಿ, ವೈದ್ಯರ ಪ್ರಮಾಣಪತ್ರದೊಡನೆ ಮೊದಲೇ ಅರ್ಜಿ ಸಲ್ಲಿಸುವ ಹೊಣೆಯನ್ನು ಶಾಲೆಯೇ ಹೊರಬೇಕು.

ಎರಡನೆಯದು ಥೈರಾಯಿಡ್. ಕೊರಳ ಮುಂದೆ ಚಿಟ್ಟೆಯ ಆಕಾರದಲ್ಲಿರುವ ಈ ಗ್ರಂಥಿ ತನ್ನ ಹಾರ್ಮೋನು ತಯಾರಿಸಲು ಅಯೋಡಿನ್ ಬೇಡುತ್ತದೆ. ಅಯೋಡಿನ್ ಸಾಲದಾದಾಗ ಗ್ರಂಥಿ ಊದಿಕೊಂಡು ಗಳಗಂಡವಾಗುತ್ತದೆ. 1956ರಲ್ಲಿ ಡಾ. ವಿ. ರಾಮಲಿಂಗಸ್ವಾಮಿಯವರು ಹಿಮಾಲಯದ ತಪ್ಪಲಿನ ಕಾಂಗಡಾ ಕಣಿವೆಯಲ್ಲಿ ಅಯೋಡಿನ್ ಬೆರೆಸಿದ ಉಪ್ಪಿನ ಪ್ರಯೋಗವನ್ನು ಕೈಗೊಂಡರು. ಉಪ್ಪನ್ನು ಬದಲಿಸಿದ್ದರಿಂದಲೇ ಆ ಸೀಮೆಯ ಗಳಗಂಡ ಗಣನೀಯವಾಗಿ ತಗ್ಗಿತು. ಅದರ ಆಧಾರದಿಂದ 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಆರಂಭವಾಯಿತು. ಬೆಳೆದವರಿಗೆ ದಿನಕ್ಕೆ ಬೇಕಾದ ಅಯೋಡಿನ್ 150 ಮೈಕ್ರೋಗ್ರಾಂ ಮಾತ್ರ; ಆದರೆ ದಿನವೂ ಬೇಕು. ಉಪ್ಪಿನ ಚೀಲದ ಮೇಲೆ ಅಯೋಡಿನ್ ಇದೆಯೆಂಬ ಗುರುತು ನೋಡಿ ಕೊಳ್ಳಬೇಕು, ಮುಚ್ಚಳವಿರುವ ಡಬ್ಬಿಯಲ್ಲಿ ಒಲೆಯಿಂದ ದೂರವಿಡಬೇಕು. ಆರೋಗ್ಯಕ್ಕೆ ಒಳ್ಳೆಯದೆಂದು ಈಚೆಗೆ ಸೈಂಧವ ಲವಣವೊಂದನ್ನೇ ಬಳಸುವ ಮನೆಗಳು ಹೆಚ್ಚಿವೆ. ಅದರಲ್ಲಿ ಸಾಮಾನ್ಯವಾಗಿ ಸಾಕಷ್ಟು ಅಯೋಡಿನ್ ಇರುವುದಿಲ್ಲ.

ಅಯೋಡಿನ್ ಸಾಕಷ್ಟಿದ್ದರೂ ಗ್ರಂಥಿ ಸೋಲಬಹುದು. ಇದು ಗಂಡುಮಕ್ಕಳಿಗಿಂತ ಹೆಣ್ಣುಮಕ್ಕಳಲ್ಲಿ ಬಹಳ ಹೆಚ್ಚು. ಆಗ ಮೈ ಭಾರ, ಚಳಿ ತಡೆಯದಿರುವುದು, ಮಲಬದ್ಧತೆ, ಒಣ ಚರ್ಮ, ಕೂದಲು ಉದುರುವುದು, ಮುಟ್ಟಿನಲ್ಲಿ ಅತಿಯಾದ ರಕ್ತಸ್ರಾವ, ಮಂಕುತನ ಕಾಣುತ್ತವೆ. ಬೆಳೆಯುವ ಮಕ್ಕಳಲ್ಲಿ ಎಲ್ಲಕ್ಕಿಂತ ಮೊದಲ ಗುರುತು ಎತ್ತರ ನಿಂತುಹೋಗುವುದು. ಗ್ರಂಥಿ ಮಿತಿಮೀರಿ ದುಡಿದರೆ ಗುರುತುಗಳು ತಿರುವುಮುರುವಾಗುತ್ತವೆ: ಎದೆ ಡವಗುಟ್ಟುವುದು, ಕೈ ನಡುಕ, ಬೆವರು, ಉಂಡರೂ ಸೊರಗುವುದು, ಕಣ್ಣುಗುಡ್ಡೆ ಮುಂದೆ ಬಂದಂತೆ ಕಾಣುವುದು.

ರಕ್ತದ ವರದಿಯಲ್ಲಿ ಟಿಎಸ್‌ಎಚ್ ಎಂಬ ಅಂಕಿ ಹೆಚ್ಚಾಗಿದ್ದರೆ ಥೈರಾಯಿಡ್ ಹೆಚ್ಚಾಗಿದೆ ಎಂದು ಹಲವರು ತಿಳಿಯುತ್ತಾರೆ. ಸಾಮಾನ್ಯವಾಗಿ ವಿಷಯ ಅದಕ್ಕೆ ವಿರುದ್ಧ. ಟಿಎಸ್‌ಎಚ್ ಎಂಬುದು ಥೈರಾಯಿಡನ್ನು ದುಡಿಸಲು ಪಿಟ್ಯುಟರಿ ಕಳಿಸುವ ಆಜ್ಞೆ. ಎತ್ತು ಸೋತಷ್ಟೂ ರೈತ ಹೆಚ್ಚು ಗದರಿಸುವಂತೆ, ಗ್ರಂಥಿ ಸೋತಷ್ಟೂ ಆ ಅಂಕಿ ಏರುತ್ತದೆ. ಆದ್ದರಿಂದ ವರದಿಯ ಅರ್ಥವನ್ನು ವೈದ್ಯರಿಂದಲೇ ಕೇಳಿ ತಿಳಿಯಬೇಕು. ಮದ್ದು ಸರಳ: ದಿನಕ್ಕೊಂದು ಸಣ್ಣ ಗುಳಿಗೆ. ಬೆಳಿಗ್ಗೆ ಬರಿಹೊಟ್ಟೆಯಲ್ಲಿ ನೀರಿನೊಡನೆ ನುಂಗಿ, ಅರ್ಧದಿಂದ ಒಂದು ಗಂಟೆಯವರೆಗೆ ಚಹಾವನ್ನೂ ಕುಡಿಯಬಾರದು. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ನೀಲಿ ಗುಳಿಗೆಗೂ ಇದಕ್ಕೂ ನಾಲ್ಕು ಗಂಟೆಯ ಅಂತರವಿರಬೇಕು. ಇಲ್ಲವಾದರೆ ಥೈರಾಯಿಡ್ ಔಷಧ ಮೈಗೆ ಹತ್ತುವುದಿಲ್ಲ. ಥೈರಾಯಿಡ್ ಗುಳಿಗೆ ತೆಗೆದುಕೊಳ್ಳುವ ಮಕ್ಕಳ ಹೆಸರನ್ನು ಪಾಲಕರು ವರ್ಗಶಿಕ್ಷಕರಿಗೆ ತಿಳಿಸಿದರೆ, ನೀಲಿ ಗುಳಿಗೆಯನ್ನು ಮಧ್ಯಾಹ್ನದ ಊಟದ ನಂತರ ಕೊಡಲು ಅನುಕೂಲವಾಗುತ್ತದೆ.

ಮೂರನೆಯದು ಮೈನೆರೆಯುವ ಕಾಲದ ವಿಷಯ. ಇದನ್ನು ಸಭೆಯಲ್ಲಿ ಆಡಬಾರದೆಂಬ ಸಂಕೋಚ ಹಿಂದೆ ಇತ್ತು. ಆ ಸಂಕೋಚದ ಬೆಲೆಯನ್ನು ತೆತ್ತವರು ನಮ್ಮ ಹೆಣ್ಣುಮಕ್ಕಳು. ಹುಡುಗಿಯರಲ್ಲಿ 8 ವರ್ಷಕ್ಕೆ ಮೊದಲೇ, ಹುಡುಗರಲ್ಲಿ 9 ವರ್ಷಕ್ಕೆ ಮೊದಲೇ ಮೈನೆರೆಯುವ ಗುರುತು ಕಂಡರೆ, ಇಲ್ಲವೆ ಹುಡುಗಿಗೆ 13, ಹುಡುಗನಿಗೆ 14 ತುಂಬಿದರೂ ಯಾವ ಗುರುತೂ ಕಾಣದಿದ್ದರೆ ವೈದ್ಯರಿಗೆ ತೋರಿಸಬೇಕು. 15 ತುಂಬಿದರೂ ಋತುಮತಿಯಾಗದ ಹುಡುಗಿಗೂ ಇದೇ ಮಾತು. ಮೊದಲ ವರ್ಷ ಮುಟ್ಟು ಹಿಂದುಮುಂದಾಗುವುದು ಸಹಜ. ಆಮೇಲೆ ಎರಡು ಮುಟ್ಟುಗಳ ನಡುವೆ 21 ದಿನಕ್ಕಿಂತ ಕಡಿಮೆ ಅಥವಾ 45 ದಿನಕ್ಕಿಂತ ಹೆಚ್ಚು ಅಂತರ ಮತ್ತೆ ಮತ್ತೆ ಬಂದರೆ, ಅಥವಾ ಒಮ್ಮೆಯಾದರೂ 90 ದಿನ ದಾಟಿದರೆ ಕಾರಣ ಹುಡುಕಬೇಕು. ಮನೆಯ ದಿನದರ್ಶಿಕೆಯಲ್ಲಿ ಒಂದು ಚುಕ್ಕೆ ಇಡುವ ರೂಢಿಯಿದ್ದರೆ ಈ ಲೆಕ್ಕ ತಾನಾಗಿಯೇ ಸಿಗುತ್ತದೆ.

ಈ ಏರುಪೇರಿಗೆ ಇಂದು ಹೆಚ್ಚಾಗಿ ಕೇಳಿಬರುವ ಹೆಸರು ಪಿಸಿಓಎಸ್. 1935ರಲ್ಲಿ ಅಮೆರಿಕದ ವೈದ್ಯರಾದ ಸ್ಟೀನ್ ಮತ್ತು ಲೆವೆಂಥಾಲ್ ಇದನ್ನು ವಿವರಿಸಿದರು. ಮುಟ್ಟು ತಪ್ಪುವುದು, ಗಲ್ಲದ ಮೇಲೆ ಕೂದಲು, ಬಿಡದ ಮೊಡವೆ, ಹೆಚ್ಚುವ ತೂಕ ಇದರ ಲಕ್ಷಣಗಳು. ತೆಳ್ಳಗಿರುವವರಲ್ಲಿಯೂ ಇದು ಬರಬಹುದು. ಕತ್ತಿನ ಹಿಂಭಾಗ ಮಖಮಲ್ಲಿನಂತೆ ದಪ್ಪವಾಗಿ ಕಪ್ಪಾಗುವುದನ್ನು ತಾಯಂದಿರು ಕೊಳೆಯೆಂದು ಬಗೆದು ಕಡಲೆಹಿಟ್ಟು ಹಚ್ಚಿ ಕಲ್ಲಿನಿಂದ ಉಜ್ಜುತ್ತಾರೆ. ಅದು ಕೊಳೆಯಲ್ಲ. ಮೈಗೆ ಇನ್ಸುಲಿನ್ ಸರಿಯಾಗಿ ನಾಟದೆ ರಕ್ತದಲ್ಲಿ ಅದರ ಪ್ರಮಾಣ ಏರಿದಾಗ ಕಾಣುವ ಗುರುತು. ಇದು ಹುಡುಗರಲ್ಲಿಯೂ ಕಾಣುತ್ತದೆ. ಮುಂದೆ ಮಧುಮೇಹ ಬರಬಹುದೆಂಬ ಮುನ್ಸೂಚನೆಯೂ ಹೌದು. ಉಜ್ಜಿದರೆ ಹೋಗದು, ತೂಕ ಇಳಿದು ಮೈ ಹತೋಟಿಗೆ ಬಂದಂತೆ ತಿಳಿಯಾಗುತ್ತದೆ.

ಲಗ್ನವಾದರೆ ಎಲ್ಲ ಸರಿಹೋಗುತ್ತದೆ ಎಂಬ ಮಾತನ್ನು ನಮ್ಮಲ್ಲಿ ಹಿರಿಯರು ಸಮಾಧಾನಕ್ಕಾಗಿ ಆಡುತ್ತಾರೆ. ಆದರೆ ಆ ಮಾತಿನಿಂದಲೇ ಎಷ್ಟೋ ಹುಡುಗಿಯರ ಓದು ಒಂಬತ್ತನೆಯ ತರಗತಿಗೆ ನಿಂತಿದೆ. ಮದುವೆ ಯಾವ ಗ್ರಂಥಿಗೂ ಮದ್ದಲ್ಲ. 18 ತುಂಬುವ ಮೊದಲು ಅದು ಕಾನೂನಿಗೂ ವಿರುದ್ಧ. ಪಿಸಿಓಎಸ್ ಇದ್ದವರಿಗೆ ಮಕ್ಕಳಾಗುವುದಿಲ್ಲ ಎಂಬುದೂ ನಿಜವಲ್ಲ. ಚಿಕಿತ್ಸೆಯಿಂದ ಬಹುಪಾಲು ಹೆಣ್ಣುಮಕ್ಕಳು ತಾಯಂದಿರಾಗುತ್ತಾರೆ. ತೂಕ ಹೆಚ್ಚಿದ್ದವರಲ್ಲಿ ನೂರಕ್ಕೆ ಐದು ಪಾಲು ಇಳಿದರೂ ಮುಟ್ಟು ಸರಿಯಾಗುವ ಸಾಧ್ಯತೆ ಹೆಚ್ಚುತ್ತದೆ. ಅದಕ್ಕೆ ಹುಡುಗಿಯರು ಆಡಬೇಕು, ಓಡಬೇಕು. 5ರಿಂದ 17 ವಯಸ್ಸಿನವರಿಗೆ ದಿನಕ್ಕೆ 60 ನಿಮಿಷದ ದೈಹಿಕ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ದೊಡ್ಡವಳಾದಳೆಂದು ಹುಡುಗಿಯ ಆಟವನ್ನು ಬಿಡಿಸುವ ವಯಸ್ಸೇ ಅವಳಿಗೆ ಆಟ ಹೆಚ್ಚು ಬೇಕಾದ ವಯಸ್ಸು.

ಇನ್ನು ಹಿರಿಯರಿಗೆ ಒಂದು ಮಾತು. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ನಮ್ಮ ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಮಧುಮೇಹವಿದೆ, ಸುಮಾರು 13.6 ಕೋಟಿ ಜನರು ಅದರ ಹೊಸ್ತಿಲಲ್ಲಿದ್ದಾರೆ. ಇವರಲ್ಲಿ ಬಹುಪಾಲು ಎರಡನೆಯ ಬಗೆಯದು. ಊಟ, ನಡಿಗೆ, ತೂಕಗಳ ಹತೋಟಿಯಿಂದ ತಡೆಯಬಹುದಾದದ್ದು, ಮುಂದೂಡಬಹುದಾದದ್ದು. ಜೋಳದ ರೊಟ್ಟಿ ನಮ್ಮ ಸೀಮೆಯ ಹೆಮ್ಮೆ, ಒಳ್ಳೆಯ ಆಹಾರವೂ ಹೌದು. ಆದರೆ ಜೋಳವಾದ್ದರಿಂದ ಎಷ್ಟು ತಿಂದರೂ ನಡೆಯುತ್ತದೆ ಎಂಬುದು ಸರಿಯಲ್ಲ, ಅದೂ ಪಿಷ್ಟವೇ. ರೊಟ್ಟಿಯ ಎಣಿಕೆ ಇಳಿಸಿ, ಮಡಕೆಕಾಳು, ಹೆಸರು, ತೊಗರಿ, ಸೊಪ್ಪು, ಹಸಿ ಸೌತೆ ಮೂಲಂಗಿಗಳ ಪಾಲು ಹೆಚ್ಚಿಸಬೇಕು. ಎಳ್ಳ ಅಮಾವಾಸ್ಯೆಯಂದು ಹೊಲಕ್ಕೆ ಒಯ್ಯುವ ಚರಗದ ಬುತ್ತಿಯಲ್ಲಿ ಕಾಳು, ಸೊಪ್ಪು, ಕಾಯಿಗಳು ಎಷ್ಟೊಂದು ಬಗೆಯಿರುತ್ತವೆ ಎಂಬುದನ್ನು ನೆನೆಯಿರಿ. ಆ ವೈವಿಧ್ಯ ವರ್ಷಕ್ಕೊಂದು ದಿನಕ್ಕೆ ಮಾತ್ರ ಉಳಿದು, ಉಳಿದ ದಿನಗಳಲ್ಲಿ ಬಿಸ್ಕಿಟು, ಕುರುಕಲು ತಿನಿಸು, ಬಣ್ಣದ ಪೇಯಗಳು ಮಕ್ಕಳ ಕೈಗೆ ಬಂದಿವೆ.

ಕೊನೆಯದಾಗಿ, ಗಡಿಯ ಕನ್ನಡಿಗರಾದ ನಮಗೇ ಸೇರಿದ ಒಂದು ತೊಡಕನ್ನು ಹೇಳಬೇಕು. ನಮ್ಮ ತಾಯಂದಿರ ಮನೆಮಾತು ಕನ್ನಡ. ಗ್ರಾಮೀಣ ರುಗ್ಣಾಲಯದಲ್ಲಿ ಕೇಳುವ ಪ್ರಶ್ನೆ ಮರಾಠಿಯಲ್ಲಿ, ಬರೆದುಕೊಡುವ ಚೀಟಿ ಇಂಗ್ಲಿಷಿನಲ್ಲಿ. ಅವರು ತಹಾನ ಎಂದಾಗ ಅದು ನೀರಡಿಕೆ, ಲಘವಿ ಎಂದಾಗ ಮೂತ್ರ, ಪಾಳಿ ಎಂದಾಗ ಮುಟ್ಟು ಎಂದು ತಿಳಿಯದ ಅಜ್ಜಿಯಂದಿರು ಇನ್ನೂ ಇದ್ದಾರೆ. ತಿಳಿದರೂ ಪರಭಾಷೆಯಲ್ಲಿ ಗುಟ್ಟಿನ ಮಾತನ್ನು ಹೇಳಲಾಗದೆ ತಲೆತಗ್ಗಿಸಿ ಬರುವವರೂ ಇದ್ದಾರೆ. ವೈದ್ಯರು ಸಹೃದಯರೇ, ತಪ್ಪು ಯಾರದೂ ಅಲ್ಲ. ಎರಡೂ ಭಾಷೆ ಬಲ್ಲ ನಮ್ಮ ವಿದ್ಯಾರ್ಥಿಗಳು ಈ ಕಂದಕಕ್ಕೆ ಸೇತುವೆಯಾಗಬಲ್ಲರು. ಆದರೆ ಮಗಳೇ ತಾಯಿಯ ಮುಟ್ಟಿನ ತೊಂದರೆಗೆ ದುಭಾಷಿಯಾಗುವುದು ಇಬ್ಬರಿಗೂ ಕಷ್ಟ. ಆ ಜಾಗಕ್ಕೆ ಗುರುಮಾತೆಯರು, ಕನ್ನಡ ಬಲ್ಲ ಆಶಾ ಕಾರ್ಯಕರ್ತೆಯರು ಬರಬೇಕು. ನೂರು ವರ್ಷ ಕನ್ನಡ ಕಲಿಸಿದ ಶಾಲೆ ತನ್ನೂರಿನ ತಾಯಂದಿರಿಗೆ ತಮ್ಮ ನೋವನ್ನು ಹೇಳಿಕೊಳ್ಳುವ ಮಾತನ್ನೂ ಒದಗಿಸಬೇಕು.

ಆದ್ದರಿಂದ ಈ ಶತಮಾನೋತ್ಸವ ವರ್ಷದಲ್ಲಿ ನಾವು ಐದು ಕೆಲಸಗಳನ್ನು ಕೈಗೆತ್ತಿಕೊಳ್ಳುತ್ತಿದ್ದೇವೆ. ಜೂನ್ ಮತ್ತು ಡಿಸೆಂಬರಿನಲ್ಲಿ ಪ್ರತಿ ಮಗುವಿನ ಎತ್ತರ ತೂಕ ಅಳೆದು ಬರೆದಿಡುವುದು. ಮೈನೆರೆಯುವ ಮುಂಚಿನ ವಯಸ್ಸಿನಲ್ಲಿ ವರ್ಷಕ್ಕೆ 4 ಸೆಂಟಿಮೀಟರಿಗಿಂತ ಕಡಿಮೆ ಬೆಳೆದ ಮಗುವಿನ ಪಾಲಕರನ್ನು ಕರೆದು ತಿಳಿಸುವುದು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ವರ್ಷಕ್ಕೊಮ್ಮೆ ಶಾಲೆಗೆ ಬಂದಾಗ ನಮ್ಮ ಸಂದೇಹಗಳ ಪಟ್ಟಿಯನ್ನು ಸಿದ್ಧವಾಗಿಟ್ಟು ಅವರ ಮುಂದಿಡುವುದು. ಪ್ರತಿ ತರಗತಿಯ ಕಪಾಟಿನಲ್ಲಿ ಸಕ್ಕರೆಯ ಡಬ್ಬಿ, ಕಚೇರಿಯಲ್ಲಿ ಸಕ್ಕರೆ ಅಳೆಯುವ ಯಂತ್ರ ಇಡುವುದು. ಕನ್ನಡ ಮರಾಠಿ ಎರಡರಲ್ಲಿಯೂ ರೋಗಲಕ್ಷಣಗಳ ಹೆಸರಿರುವ ಒಂದು ಹಾಳೆಯನ್ನು ಅಚ್ಚುಹಾಕಿಸಿ ಮನೆಮನೆಗೆ ಮುಟ್ಟಿಸುವುದು. ಇವುಗಳಿಗೆ ದೊಡ್ಡ ಹಣ ಬೇಕಿಲ್ಲ. ಹಿರಿಯ ವಿದ್ಯಾರ್ಥಿಗಳು ಕೈಜೋಡಿಸಿದರೆ ಸಾಕು.

ಯಾವ ಮಗುವಿನ ಹೆಸರನ್ನೂ ನಾವು ಬಹಿರಂಗಪಡಿಸುವುದಿಲ್ಲ. ಪಾಲಕರು ನಂಬಿ ನಮ್ಮೊಡನೆ ಮಾತನಾಡಬೇಕೆಂದು ಕೈಮುಗಿದು ಕೇಳುತ್ತೇವೆ. ಮಗುವಿನಲ್ಲಿ ಬದಲಾವಣೆ ಕಂಡ ದಿನವೇ ತಿಳಿಸಿರಿ. ಪರೀಕ್ಷೆ ಮುಗಿಯಲಿ, ಜಾತ್ರೆ ಮುಗಿಯಲಿ, ಸುಗ್ಗಿ ಮುಗಿಯಲಿ ಎಂದು ಕಾಯಬೇಡಿರಿ.